ಪ್ರಯಾಣಕಾಲದಲ್ಲಿ ದೇಹಪಾಲನೆ

ವರುಷದಲ್ಲಿ ಒಂದು ಸಾರಿಯಾದರೂ ಊರು ಬಿಟ್ಟು ಹೊರಡದವರು ನಮ್ಮ ಗ್ರಾಮಗಳಲ್ಲಿ ಬಹಳ ವಿರಳ. ಒಬ್ಬನು ಆಸ್ಪತ್ರೆಗೋ ಕಚೇರಿಗೋ ಬಳ್ಳಾರಿಗೆ ಹೋಗುತ್ತಾನೆ. ಮತ್ತೊಬ್ಬನು ಭತ್ತದ ನಾಟಿಗೆಂದು ಹೆಂಡತಿಮಕ್ಕಳ ಸಂಗಡ ಸಿರುಗುಪ್ಪದ ಸೀಮೆಗೆ ಇಳಿಯುತ್ತಾನೆ. ಬಂಧುಗಳ ಮದುವೆಗೆ ಕುರುಗೋಡಿಗೆ ಹೋಗುವವರುಂಟು. ಮಳೆ ತಪ್ಪಿದ ವರುಷ ಬೀಗ ಹಾಕಿ ಗುಳೆ ಹೋಗುವವರೂ ಉಂಟು. ಹೊರಡುವ ಹಿಂದಿನ ರಾತ್ರಿ ನಾವು ಬಟ್ಟೆಗಂಟನ್ನು ಕಟ್ಟುತ್ತೇವೆ, ಹಣವನ್ನು ಎರಡು ಸಾರಿ ಎಣಿಸುತ್ತೇವೆ, ಬಸ್ಸಿನ ವೇಳೆಯನ್ನು ವಿಚಾರಿಸುತ್ತೇವೆ. ಆದರೆ ಇವೆಲ್ಲವನ್ನು ಹೊತ್ತುಕೊಂಡು ಹೋಗತಕ್ಕ ದೇಹವೊಂದುಂಟಲ್ಲಾ, ಅದರ ಸಿದ್ಧತೆಯನ್ನು ಮಾತ್ರ ಮರೆತುಬಿಡುತ್ತೇವೆ. ಆದದರಿಂದ ಈ ತಿಂಗಳ ಪಾಠವು ಪ್ರಯಾಣಿಕನ ದೇಹವನ್ನು ಕುರಿತದ್ದು.

ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಿಬಿಡುವದು ಒಳ್ಳೇದು. ಕೆಲವು ವರುಷಗಳ ಕೆಳಗೆ, ಬಿರುಬೇಸಿಗೆಯ ಒಂದು ಮಧ್ಯಾಹ್ನ, ನಾವು ಸಿರುಗುಪ್ಪದಿಂದ ಬಳ್ಳಾರಿಗೆ ಬಸ್ಸಿನಲ್ಲಿ ಬರುತ್ತಿದ್ದೆವು. ನಮ್ಮ ಎದುರಿಗೆ ಒಬ್ಬ ಎಳೆಯ ಪ್ರಾಯದ ತಾಯಿಯು ಸುಮಾರು ಒಂದು ವರುಷದ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಕೂಸಿಗೆ ಬೆಳಗಿನಿಂದ ಭೇದಿ. ಅದರ ಕಣ್ಣುಗಳು ಗುಳಿಬಿದ್ದಿದ್ದವು. ಅತ್ತರೂ ಕಣ್ಣೀರು ಬರುತ್ತಿರಲಿಲ್ಲ. ತಾಯಿಯು ನೀರಿನ ಬಾಟಲಿಯನ್ನು ಎತ್ತಿದಾಗೆಲ್ಲಾ ಪಕ್ಕದಲ್ಲಿದ್ದ ಅಜ್ಜಿಯು ಅವಳ ಕೈಯನ್ನು ತಡೆದು, "ನೀರು ಕುಡಿಸಬ್ಯಾಡವ್ವ, ಕುಡಿಸಿದಷ್ಟೂ ಹೋಗ್ತೈತಿ" ಅನ್ನುತ್ತಿದ್ದಳು. ನಾವು ಅದನ್ನು ಕೇಳಿದೆವು, ಕೇಳಿಯೂ ಸುಮ್ಮನಿದ್ದೆವು. ಯಾಕಂದರೆ ನಾವೂ ಚಿಕ್ಕಂದಿನಲ್ಲಿ ಅದೇ ಮಾತನ್ನು ಕೇಳಿ ಬೆಳೆದವರು, ಮತ್ತು ಮುದುಕಿಗೆ ಎದುರುತ್ತರ ಕೊಡುವದು ಮರ್ಯಾದೆಯಲ್ಲವೆಂದು ಎಣಿಸಿದೆವು.

ತೆಕ್ಕಲಕೋಟೆಯಲ್ಲಿ ಒಬ್ಬ ಆಶಾ ಕಾರ್ಯಕರ್ತೆಯು ಬಸ್ಸು ಹತ್ತಿದಳು. ಆಕೆ ಕೂಸನ್ನು ನೋಡಿದ ಕ್ಷಣವೇ ಚೀಲದಿಂದ ಒಂದು ಪುಡಿಯ ಪೊಟ್ಟಣವನ್ನು ತೆಗೆದು, ಒಂದು ಲೀಟರಿನ ಬಾಟಲಿಯಲ್ಲಿ ಕದಡಿ, "ಅಜ್ಜೀ, ಹೋಗಾಕಹತ್ತಿದ್ದು ನೀವು ಕುಡಿಸಿದ ನೀರಲ್ಲ, ಕೂಸಿನ ಮೈಯಾಗಿನ ನೀರು. ಹೋದದ್ದು ತುಂಬಬೇಕೋ ಬ್ಯಾಡೋ?" ಎಂದು ಕೇಳಿದಳು. ಅಜ್ಜಿ ಉತ್ತರ ಕೊಡಲಿಲ್ಲ; ಆದರೆ ಚಮಚವನ್ನು ತಾನೇ ಕೈಗೆ ತೆಗೆದುಕೊಂಡಳು. ಚಮಚ ಚಮಚವಾಗಿ ಕುಡಿಸುತ್ತಾ ಬಂದರು. ಬಳ್ಳಾರಿಯನ್ನು ಮುಟ್ಟುವಷ್ಟರಲ್ಲಿ ಕೂಸು ಕಣ್ಣು ಬಿಟ್ಟು ತಾಯಿಯ ಸೆರಗನ್ನು ಎಳೆಯುತ್ತಿತ್ತು. ಅವರು ಆಸ್ಪತ್ರೆಯ ಕಡೆಗೆ ಹೋದರು. ನಾವೋ ಲಜ್ಜೆಪಟ್ಟವರಾಗಿ ಇಳಿದೆವು. ಓದುಬರಹ ಬಲ್ಲವರಾದ ನಮಗೆ ಹೇಳಲಿಕ್ಕೆ ಒಂದು ಮಾತೂ ಇಲ್ಲದೆ ಹೋಯಿತು. ಈ ಪಾಠವನ್ನು ಬರೆಯುವದಕ್ಕೆ ಆ ದಿನದ ಮೌನವೇ ಕಾರಣ.

1. ಒಬ್ಬ ದೊಡ್ಡ ಪ್ರಯಾಣಿಕನ ಮರಣ

ದಾರಿಯಲ್ಲಿ ಹಿಡಿಯುವ ಭೇದಿಯು ಎಷ್ಟು ಬೇಗ ಪ್ರಾಣವನ್ನು ತೆಗೆಯುವದೆಂಬದಕ್ಕೆ ನಮ್ಮ ಸೀಮೆಯ ಚರಿತ್ರೆಯಲ್ಲಿಯೇ ಒಂದು ದೃಷ್ಟಾಂತವುಂಟು. 1800ನೇ ಇಸವಿಯಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ, ಕಡಪ ಮುಂತಾದ ಸೀಮೆಗಳನ್ನು ಇಂಗ್ಲಿಷ್ ಕಂಪೆನಿಗೆ ಬಿಟ್ಟುಕೊಟ್ಟನು. ದತ್ತಮಂಡಲವೆಂಬ ಹೆಸರು ಪಡೆದ ಆ ಸೀಮೆಗೆ ಮೊದಲನೆಯ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೋ. ಆತನು 1807ರ ವರೆಗೆ ಇಲ್ಲಿ ಊರೂರು ತಿರುಗಿ ಭೂಮಿಯ ಕಂದಾಯವನ್ನು ಗೊತ್ತುಮಾಡಿದನು. ತರುವಾಯ ಮದ್ರಾಸಿನ ಗವರ್ನರನಾದನು. ಸ್ವದೇಶಕ್ಕೆ ಹಿಂದಿರುಗುವದಕ್ಕೆ ಮುಂಚೆ ತಾನು ಬಲ್ಲ ಜನರನ್ನು ಕಡೇ ಸಾರಿ ಕಂಡುಬರಬೇಕೆಂದು 1827ರಲ್ಲಿ ಈ ಕಡೆಗೆ ಸಂಚಾರ ಹೊರಟನು. ಈಗಿನ ಕರ್ನೂಲು ಜಿಲ್ಲೆಯ ಪತ್ತಿಕೊಂಡದಲ್ಲಿ ಆತನಿಗೆ ವಾಂತಿಭೇದಿ ಹಿಡಿಯಿತು. ಜುಲೈ 6ನೇ ತಾರೀಖು ಬೆಳಿಗ್ಗೆ ಹಿಡಿದ ರೋಗವು ಅದೇ ರಾತ್ರಿ ಆತನನ್ನು ಕೊಂದಿತು. ಗವರ್ನರನಿಗೆ ವೈದ್ಯರ ಕೊರತೆಯಿರಲಿಲ್ಲ, ಸೇವಕರ ಕೊರತೆಯೂ ಇರಲಿಲ್ಲ. ಕೊರತೆಯಿದ್ದದ್ದು ತಿಳುವಳಿಕೆಗೆ. ಆ ಕಾಲದ ವೈದ್ಯರು ಇಂಥ ರೋಗಿಗಳಿಗೆ ರಕ್ತ ತೆಗೆಯುವದೂ ಇನ್ನೂ ಭೇದಿಗೆ ಕೊಡುವದೂ ವಾಡಿಕೆಯಾಗಿತ್ತು.

ಆ ತಿಳುವಳಿಕೆಯು ಬರಲಿಕ್ಕೆ ಬಹುಕಾಲ ಹಿಡಿಯಿತು. 1831ರಲ್ಲಿ ಓಶಾಗ್ನೆಸ್ಸಿ ಎಂಬ ವೈದ್ಯನು ವಾಂತಿಭೇದಿಯ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರೊಳಗಿನ ನೀರೂ ಉಪ್ಪೂ ಹೊರಟುಹೋಗಿರುತ್ತವೆಂದು ಕಂಡನು. ಮರುವರುಷ ಥಾಮಸ್ ಲಟ್ಟಾ ಎಂಬವನು ಉಪ್ಪುನೀರನ್ನು ರಕ್ತನಾಳದೊಳಗೆ ಹಾಯಿಸಿ ಕೆಲವರನ್ನು ಬದುಕಿಸಿದನು. 1854ರಲ್ಲಿ ಜಾನ್ ಸ್ನೋ ಎಂಬವನು ಲಂಡನ್ ಪಟ್ಟಣದ ಒಂದು ಬೀದಿಯ ಕೈಪಂಪಿನ ನೀರಿನಿಂದಲೇ ಈ ರೋಗವು ಹರಡಿತೆಂದು ತೋರಿಸಿದನು. 1884ರಲ್ಲಿ ರಾಬರ್ಟ್ ಕಾಕ್ ಎಂಬ ಜರ್ಮನಿಯ ಪಂಡಿತನು ಕಲಕತ್ತೆಯಲ್ಲಿ ಅದರ ಕ್ರಿಮಿಯನ್ನು ಸ್ಥಿರಪಡಿಸಿದನು.

ಆದರೆ ಬಡವರ ಗುಡಿಸಲಿಗೆ ಮುಟ್ಟುವಂಥ ಉಪಾಯವು ನಮ್ಮ ದೇಶದಲ್ಲಿಯೇ ದೃಢಪಟ್ಟಿತು. 1971ರಲ್ಲಿ ಪೂರ್ವ ಬಂಗಾಳದ ಯುದ್ಧದಿಂದ ಓಡಿಬಂದ ಲಕ್ಷಾಂತರ ಜನರು ಗಡಿಯ ಬನಗಾಂವ್ ಎಂಬಲ್ಲಿಯೂ ಇತರ ಕಡೆಗಳಲ್ಲಿಯೂ ತಂಗಿದ್ದರು. ಅವರಲ್ಲಿ ವಾಂತಿಭೇದಿ ಹಬ್ಬಿತು. ರಕ್ತನಾಳಕ್ಕೆ ಕೊಡತಕ್ಕ ಉಪ್ಪುನೀರು ತೀರುತ್ತಾ ಬಂತು. ಆಗ ಡಾಕ್ಟರ್ ದಿಲೀಪ್ ಮಹಲನಬಿಸ್ ಎಂಬವರು ಗ್ಲೂಕೋಸ್ ಸಕ್ಕರೆಯನ್ನೂ ಉಪ್ಪನ್ನೂ ನೀರಿನಲ್ಲಿ ಕದಡಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ಅಲ್ಲಿಯ ತನಕ ನೂರಕ್ಕೆ ಸುಮಾರು 30 ಮಂದಿ ಸಾಯುತ್ತಿದ್ದಲ್ಲಿ, ಆ ನೀರನ್ನು ಕುಡಿದವರಲ್ಲಿ ನೂರಕ್ಕೆ 4ಕ್ಕಿಂತಲೂ ಕಡಿಮೆ ಮಂದಿ ಸತ್ತರು. ಗವರ್ನರನ ವೈದ್ಯರಿಗೆ ತಿಳಿಯದಿದ್ದ ವಿದ್ಯೆಯನ್ನು ಆ ಶಿಬಿರದಲ್ಲಿ ಚಾಪೆಯ ಮೇಲೆ ಕೂತ ತಾಯಂದಿರು ಮಾಡಿ ತೋರಿಸಿದರು.

2. ಸಕ್ಕರೆ, ಉಪ್ಪು, ನೀರು

ಬರೀ ನೀರು ಸಾಲದೋ ಎಂದು ಕೇಳುವವರುಂಟು. ಸಾಲದು. ಭೇದಿಯಲ್ಲಿ ನೀರಿನ ಸಂಗಡ ಮೈಯ ಉಪ್ಪೂ ಹೋಗುತ್ತದೆ. ನಮ್ಮ ಕರುಳಿನ ಗೋಡೆಯು ಸಕ್ಕರೆಯನ್ನು ಒಳಗೆ ತೆಗೆದುಕೊಳ್ಳುವಾಗ ಅದರ ಜೊತೆಯಲ್ಲಿ ಉಪ್ಪನ್ನೂ ಎಳೆದುಕೊಳ್ಳುತ್ತದೆ. ಉಪ್ಪು ಹೋದಲ್ಲಿಗೆ ನೀರು ಹಿಂಬಾಲಿಸುತ್ತದೆ. ಭೇದಿಯಾಗುತ್ತಿರುವಾಗಲೂ ಈ ಬಾಗಲು ಮುಚ್ಚುವದಿಲ್ಲ. ಆದದರಿಂದ ಮೂರೂ ಒಟ್ಟಾಗಿ, ಸರಿಯಾದ ಅಳತೆಯಲ್ಲಿ ಇರಬೇಕು.

ಎಲ್ಲಕ್ಕಿಂತ ಉತ್ತಮವಾದದ್ದು ಓಆರ್‌ಎಸ್ ಎಂಬ ಪುಡಿ. ಇದು ಸರಕಾರದ ಆರೋಗ್ಯ ಕೇಂದ್ರದಲ್ಲಿಯೂ ಆಶಾ ಕಾರ್ಯಕರ್ತೆಯ ಬಳಿಯಲ್ಲಿಯೂ ಕ್ರಯವಿಲ್ಲದೆ ದೊರೆಯುತ್ತದೆ. ಪೊಟ್ಟಣದ ಮೇಲೆ ಎಷ್ಟು ನೀರಿಗೆಂದು ಬರೆದಿದೆಯೋ ಅಷ್ಟೇ ನೀರಿನಲ್ಲಿ ಇಡೀ ಪೊಟ್ಟಣವನ್ನು ಕದಡಬೇಕು. ಅರ್ಧ ಹಾಕಿ ಅರ್ಧ ಉಳಿಸುವದು ಕೂಡದು. ಅಂಗಡಿಯಲ್ಲಿ ಮಾರುವ ಸಿಹಿ ಪಾನಕದ ಡಬ್ಬಿಗಳು ಇದಕ್ಕೆ ಸಮವಲ್ಲ. ಅತಿ ಸಿಹಿಯು ಭೇದಿಯನ್ನು ಹೆಚ್ಚಿಸಬಹುದು. ಪುಡಿ ಇಲ್ಲದ ಕಡೆಯಲ್ಲಿ, ಒಂದು ಲೀಟರು ಶುದ್ಧ ನೀರಿಗೆ ಚಹಾದ ಚಮಚದಿಂದ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚವನ್ನು ಗುಡ್ಡೆ ಮಾಡದೆ ಸಮಮಾಡಿಕೊಳ್ಳತಕ್ಕದ್ದು. ಉಪ್ಪು ಹೆಚ್ಚಾದರೆ ಕೂಸಿಗೆ ಅಪಾಯ; ರುಚಿ ನೋಡಿದಾಗ ಕಣ್ಣೀರಿಗಿಂತ ಹೆಚ್ಚು ಉಪ್ಪಾಗಿರಬಾರದು. ಕದಡಿದ ನೀರನ್ನು ಒಂದು ಹಗಲು ಒಂದು ರಾತ್ರಿ ಕಳೆದ ಮೇಲೆ ಚೆಲ್ಲಿ ಹೊಸದನ್ನು ಮಾಡಬೇಕು.

ಎರಡು ವರುಷಕ್ಕಿಂತ ಚಿಕ್ಕ ಕೂಸಿಗೆ ಪ್ರತಿ ಸಾರಿ ಭೇದಿಯಾದ ಮೇಲೆ ಕಾಲು ಲೋಟದಿಂದ ಅರ್ಧ ಲೋಟದಷ್ಟು, ಅದಕ್ಕೆ ದೊಡ್ಡ ಮಗುವಿಗೆ ಅರ್ಧದಿಂದ ಒಂದು ಲೋಟದಷ್ಟು, ದೊಡ್ಡವರಿಗೆ ಬೇಕಾದಷ್ಟು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಇನ್ನೂ ಮೆಲ್ಲಗೆ ಚಮಚದಿಂದ ಕುಡಿಸಬೇಕು. ಎದೆಹಾಲನ್ನು ಒಂದು ಹೊತ್ತಾದರೂ ನಿಲ್ಲಿಸಬಾರದು. ಉಣ್ಣುವ ಮಗುವಿಗೆ ಊಟವನ್ನೂ ನಿಲ್ಲಿಸಬಾರದು. ಇದರ ಸಂಗಡ ಸತುವಿನ, ಅಂದರೆ ಜಿಂಕ್ ಮಾತ್ರೆಯನ್ನು ಕೊಡುತ್ತಾರೆ. ಭೇದಿ ನಿಂತಿತೆಂದು ಅದನ್ನು ಬಿಡದೆ 14 ದಿವಸ ಪೂರ್ತಿ ಕೊಡತಕ್ಕದ್ದು.

ಕೂಸು ಮಂಕಾಗಿ ಎಚ್ಚರಗೊಳ್ಳದಿದ್ದರೆ, ಕುಡಿಯಲಾರದಿದ್ದರೆ, ಕುಡಿದದ್ದೆಲ್ಲಾ ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ಆರು ತಾಸು ಮೂತ್ರವಾಗದಿದ್ದರೆ ಪ್ರಯಾಣವನ್ನು ಅಲ್ಲಿಗೇ ನಿಲ್ಲಿಸಿ ಹತ್ತಿರದ ಆಸ್ಪತ್ರೆಗೆ ಹೋಗಬೇಕು. ಮದುವೆ ತಪ್ಪಿದರೆ ಬಂಧುಗಳು ಕ್ಷಮಿಸಿಯಾರು. 108 ಎಂಬ ಸಂಖ್ಯೆಗೆ ಫೋನು ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಅದಕ್ಕೆ ಹಣ ಕೊಡಬೇಕಾಗಿಲ್ಲ.

3. ಕುಡಿಯುವ ನೀರೂ ಆತಿಥ್ಯವೂ

ರೋಗ ಬಂದ ಮೇಲೆ ಓಡಾಡುವದಕ್ಕಿಂತ ಬಾರದಂತೆ ನೋಡುವದು ಲೇಸು. ಮನೆಯಿಂದ ಹೊರಡುವಾಗ ಚೆನ್ನಾಗಿ ಕುದಿಸಿದ ನೀರನ್ನು ತುಂಬಿಕೊಳ್ಳಿರಿ. ನೀರು ಕೊತಕೊತನೆ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟರೆ ಕ್ರಿಮಿಗಳು ಸಾಯುತ್ತವೆ. ದಾರಿಯಲ್ಲಿ ತೀರಿದರೆ ಶುದ್ಧ ಕುಡಿಯುವ ನೀರಿನ ಘಟಕವಿರುವ ಊರಿನಲ್ಲಿ ತುಂಬಿಕೊಳ್ಳಬಹುದು. ಕಾಲುವೆಯ ನೀರು ಎಷ್ಟು ತಿಳಿಯಾಗಿ ಕಂಡರೂ ಕುಡಿಯಬಾರದು. ತುಂಗಭದ್ರೆಯ ಕಾಲುವೆಗಳು ನಮ್ಮ ಹೊಲಗಳಿಗೆ ಜೀವ; ಆದರೆ ಅದೇ ನೀರಿನಲ್ಲಿ ದನಗಳು ಇಳಿಯುತ್ತವೆ, ಬಟ್ಟೆ ಒಗೆಯುತ್ತಾರೆ, ದಂಡೆಯಲ್ಲಿ ಜನರು ಬಹಿರ್ದೆಸೆಗೆ ಕೂರುತ್ತಾರೆ. ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಯಂಥ ದೊಡ್ಡ ಕೂಟಗಳಲ್ಲಿ ಅಂಗಡಿ ಹಾಕಿ ದುಡಿಯಲಿಕ್ಕೆ ಹೋಗುವವರೂ ಇದನ್ನು ನೆನಪಿಡಬೇಕು: ಅನೇಕರ ಕೈ ಅದ್ದಿದ ಹಂಡೆಯ ನೀರಿಗಿಂತ ಸ್ವಂತ ಬಾಟಲಿಯ ನೀರು ಲೇಸು.

ಆದರೆ ಬಂಧುಗಳ ಮನೆಯಲ್ಲಿ ತಂಬಿಗೆಯ ನೀರನ್ನು ಮುಂದೆ ಹಿಡಿದಾಗ ಬೇಡವೆನ್ನುವದು ಹೇಗೆ? ಈ ಸಂಕಟವು ನಿಜವಾದದ್ದು. ವಿಶೇಷವಾಗಿ ನಮ್ಮ ಹಿರಿಯರು ಅನ್ಯರ ಬಾವಿಯ ಬಳಿ ನಿಂತು, ಮೇಲಿನಿಂದ ಹೊಯ್ದ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿದವರು. ನೀರು ಬೇಡವೆಂಬ ಮಾತು ನಮ್ಮ ಕಿವಿಗೆ ಬೇರೆ ಅರ್ಥವನ್ನು ತರುತ್ತದೆ. ಆದದರಿಂದ ನೀರನ್ನು ನಿರಾಕರಿಸಿ ಯಾರ ಮನಸ್ಸನ್ನೂ ನೋಯಿಸಬೇಡಿರಿ. "ಅಕ್ಕಾ, ಒಂದು ಲೋಟ ಚಹಾ ಕಾಯಿಸಿಕೊಡು" ಎಂದು ನೀವಾಗಿಯೇ ಕೇಳಿರಿ. ಚಹಾವು ಕುದಿದೇ ಬರುತ್ತದೆ, ಅವರ ಮನಸ್ಸೂ ತುಂಬುತ್ತದೆ.

ಉಣ್ಣುವದಕ್ಕೆ ಮುಂಚೆಯೂ ಶೌಚದ ತರುವಾಯವೂ ಸೋಪಿನಿಂದ ಕೈ ತೊಳೆಯುವದನ್ನು ದಾರಿಯಲ್ಲಿ ಬಿಡಬಾರದು. ಸೋಪಿನ ಒಂದು ಚೂರನ್ನು ಕಾಗದದಲ್ಲಿ ಸುತ್ತಿ ಗಂಟಿನಲ್ಲಿಟ್ಟುಕೊಂಡರೆ ಅದರ ಭಾರ ಯಾರಿಗೂ ಆಗದು.

4. ಬುತ್ತಿ

ಬುತ್ತಿಯ ವಿಷಯದಲ್ಲಿ ನಮ್ಮ ಅಜ್ಜಿಯರು ನಮಗಿಂತ ಬುದ್ಧಿವಂತರು. ಒಣಗಿಸಿದ ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಹುರಿದ ಕಡಲೆ, ಬೆಲ್ಲ ಇವು ಕೆಡುವದಿಲ್ಲ. ಯಾಕಂದರೆ ನೀರಿನಂಶ ಕಡಿಮೆಯಿರುವಲ್ಲಿ ಕ್ರಿಮಿಗಳು ಬೆಳೆಯಲಾರವು. ಅನ್ನವು ಹಾಗಲ್ಲ. ಬೇಯಿಸಿದ ಅನ್ನವನ್ನು ಬೆಚ್ಚಗಿನ ಡಬ್ಬಿಯಲ್ಲಿ ಬಹಳ ಹೊತ್ತು ಇಟ್ಟರೆ ಅದರಲ್ಲಿ ಒಂದು ವಿಷ ಹುಟ್ಟಬಹುದು. ಮತ್ತೆ ಬಿಸಿಮಾಡಿದರೂ ಅದು ಹೋಗುವದಿಲ್ಲ. ಬೆಳಿಗ್ಗೆ ಕಟ್ಟಿದ ಚಿತ್ರಾನ್ನವನ್ನು ಬೇಸಿಗೆಯಲ್ಲಿ ಸಾಯಂಕಾಲದ ತನಕ ಉಳಿಸಿಕೊಳ್ಳಬಾರದು. ದಾರಿಯಲ್ಲಿ ಕೊಳ್ಳುವದಾದರೆ ಕಣ್ಣೆದುರಿಗೆ ಬೆಂದು ಹೊಗೆಯಾಡುವದನ್ನೂ ನಾವೇ ಸುಲಿಯುವ ಬಾಳೆಹಣ್ಣನ್ನೂ ಕೊಳ್ಳಿರಿ. ಹೆಚ್ಚಿಟ್ಟು ನೊಣ ಮುತ್ತಿದ ಕಲ್ಲಂಗಡಿಯನ್ನು ಬಿಡಿರಿ.

5. ಬಿಸಿಲು

ಏಪ್ರಿಲ್, ಮೇ ತಿಂಗಳುಗಳಲ್ಲಿ ಬಳ್ಳಾರಿಯ ಬಿಸಿಲು 40 ಡಿಗ್ರಿಯನ್ನು ಮೀರುವದು ನಮಗೆಲ್ಲರಿಗೂ ಗೊತ್ತು. ಕಾಲ್ನಡಿಗೆಯವರು ಹೊತ್ತು ಏರುವದಕ್ಕೆ ಮುಂಚೆ ಹೊರಟು, ಹನ್ನೊಂದು ಘಂಟೆಯಿಂದ ನಾಲ್ಕರ ವರೆಗೆ ನೆರಳು ಹಿಡಿಯಬೇಕು. ತಲೆಗೆ ರುಮಾಲು, ಕಾಲಿಗೆ ಕೆರ. ಬಾಯಾರಿಕೆಯನ್ನು ಕಾಯದೆ ಆಗಾಗ್ಗೆ ಕುಡಿಯಬೇಕು. ಉಪ್ಪು ಹಾಕಿದ ಮಜ್ಜಿಗೆಯೂ ಅಂಬಲಿಯೂ ಬಹು ಹಿತ. ಹೆಂಡ ಸಾರಾಯಿಗಳು ಮೈಯ ನೀರನ್ನು ಇನ್ನೂ ಹೊರಗೆ ತಳ್ಳುತ್ತವೆ. ಅವು ದಣಿವನ್ನು ಕಳೆಯುವವೆಂಬದು ಸುಳ್ಳು.

ತಲೆ ತಿರುಗಿ, ಕಾಲು ಸೆಳೆತ ಬಂದು, ಬೆವರು ಸುರಿದರೆ ನೆರಳಿಗೆ ಹೋಗಿ ಮಲಗಿ, ಓಆರ್‌ಎಸ್ ನೀರನ್ನೋ ಮಜ್ಜಿಗೆಯನ್ನೋ ಕುಡಿಯಬೇಕು. ಆದರೆ ಒಬ್ಬನು ಮೈ ಕೆಂಡದಂತಾಗಿ, ತಡವರಿಸಿ ಮಾತಾಡುತ್ತಾ, ಕಂಡವರ ಗುರುತು ಹಿಡಿಯದೆ ಬಿದ್ದರೆ ಅದು ಪ್ರಾಣಾಪಾಯ. ಅವನನ್ನು ನೆರಳಿಗೆ ಎತ್ತಿ, ಬಟ್ಟೆ ಸಡಲಿಸಿ, ಮೈತುಂಬಾ ತಣ್ಣೀರು ಹೊಯ್ದು ಬೀಸಬೇಕು. ಕುತ್ತಿಗೆಗೂ ಕಂಕುಳಿಗೂ ಒದ್ದೆ ಬಟ್ಟೆ ಇಡಬೇಕು. ಎಚ್ಚರವಿಲ್ಲದವನ ಬಾಯಿಗೆ ನೀರು ಹಾಕಬಾರದು, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಜ್ವರದ ಮಾತ್ರೆಯು ಈ ಕಾವನ್ನು ಇಳಿಸದು. ಮೊದಲು ತಣ್ಣಗೆ ಮಾಡುತ್ತಲೇ 108ಕ್ಕೆ ತಿಳಿಸಬೇಕು. ಕುಡಿದು ಬಿದ್ದಿದ್ದಾನೆಂದು ಹಾದುಹೋಗಬೇಡಿರಿ. ಯೆರಿಕೋವಿನ ದಾರಿಯಲ್ಲಿ ಬಿದ್ದವನನ್ನು ಹಾದುಹೋದವರ ಸಂಗತಿಯನ್ನು ನಾವು ಮಕ್ಕಳಿಗೆ ಕಲಿಸುತ್ತೇವಲ್ಲಾ.

6. ಸಹೋದರಿಯರಿಗೆ ಒಂದು ಮಾತು

ಗಂಡಸರು ಗಮನಿಸದ ಒಂದು ಕಷ್ಟವುಂಟು. ದಾರಿಯಲ್ಲಿ ಮರೆಯ ಸ್ಥಳ ಸಿಕ್ಕುವದಿಲ್ಲವೆಂದು ಅನೇಕ ಹೆಂಗಸರು ಪ್ರಯಾಣದ ದಿವಸ ಬೆಳಗಿನಿಂದಲೇ ನೀರು ಕುಡಿಯುವದಿಲ್ಲ. ಬಂದ ಮೂತ್ರವನ್ನೂ ತಾಸುಗಟ್ಟಲೆ ತಡೆಯುತ್ತಾರೆ. ಇದರಿಂದ ಉರಿಮೂತ್ರ ಬರುತ್ತದೆ, ಬಿಸಿಲಿನಲ್ಲಿ ತಲೆಸುತ್ತು ಬರುತ್ತದೆ, ಬಸುರಿಯರಿಗಂತೂ ಅಪಾಯವೇ. ಆದರೆ ಇದು ಹೆಂಗಸರ ತಪ್ಪಲ್ಲ. ಸಂಗಡ ಹೋಗುವ ಗಂಡಸರು ತಾವೇ ಮುಂದಾಗಿ, ಶೌಚಾಲಯವಿರುವ ಬಸ್ ನಿಲ್ದಾಣದಲ್ಲಿ ಇಳಿಸಿ ಕಾಯಬೇಕು. ಬಾಡಿಗೆಯ ಗಾಡಿಯಾದರೆ ಎರಡೆರಡು ತಾಸಿಗೆ ನಿಲ್ಲಿಸಬೇಕೆಂದು ಹೊರಡುವಾಗಲೇ ಮಾತಾಡಿಕೊಳ್ಳಬೇಕು. ಇಬ್ಬರು ಹೆಂಗಸರು ಒಂದು ಸೀರೆಯನ್ನು ಹಿಡಿದರೆ ಮರೆಯಾಗುತ್ತದೆ. ಇದರಲ್ಲಿ ನಾಚಿಕೆಯೇನೂ ಇಲ್ಲ. ಬಾಯಾರಿ ಕೂತವಳನ್ನು ಕಾಣದಿರುವದೇ ನಾಚಿಕೆ.

7. ಗುಳೆ ಹೋಗುವವರಿಗೆ

ತಿಂಗಳುಗಟ್ಟಲೆ ಹೊರಗಿರುವವರು ಇನ್ನೂ ನಾಲ್ಕನ್ನು ಕಟ್ಟಿಕೊಳ್ಳಬೇಕು. ಮೊದಲನೆಯದು ಸೊಳ್ಳೆಪರದೆ. ಮಲೇರಿಯಾ ರೋಗವು ಸೊಳ್ಳೆಯಿಂದಲೇ ಹರಡುತ್ತದೆಂಬದಕ್ಕೆ ರೊನಾಲ್ಡ್ ರಾಸ್ ಎಂಬವನು 1897ರಲ್ಲಿ ಸಿಕಂದರಾಬಾದಿನಲ್ಲಿ ಸುಳಿವು ಕಂಡನು. ನೀರು ನಿಂತ ಗದ್ದೆಯ ಮಗ್ಗುಲಲ್ಲಿ ಗುಡಿಸಲು ಹಾಕುವವರಿಗೆ ಪರದೆಯು ಹೊದಿಕೆಗಿಂತ ಮುಖ್ಯ. ಎರಡನೆಯದು ದಿನಾಲೂ ತೆಗೆದುಕೊಳ್ಳುವ ಮಾತ್ರೆಗಳು. ಕ್ಷಯರೋಗದ ಔಷಧವನ್ನು ನಡುವೆ ಬಿಟ್ಟರೆ ರೋಗವು ಔಷಧಕ್ಕೆ ಬಗ್ಗದಂತಾಗುತ್ತದೆ. ಹೊರಡುವ ಮುಂಚೆ ಆರೋಗ್ಯ ಕೇಂದ್ರದಲ್ಲಿ ಹೇಳಿದರೆ ಹೋದ ಊರಿನಲ್ಲಿ ಮಾತ್ರೆ ಸಿಕ್ಕುವಂತೆ ಮಾಡುತ್ತಾರೆ. ಸಕ್ಕರೆ ಕಾಯಿಲೆಯ ಇನ್ಸುಲಿನ್ ಇದ್ದವರು ಅದನ್ನು ಬಿಸಿಲಿಗೆ ಬಿಡದೆ, ಒದ್ದೆ ಮರಳಿನಲ್ಲಿಟ್ಟ ಮಣ್ಣಿನ ಗಡಿಗೆಯೊಳಗೆ ಇಟ್ಟುಕೊಳ್ಳಲಿ. ಮೂರನೆಯದು ತಾಯಿ ಕಾರ್ಡು. ಅದನ್ನು ತೋರಿಸಿದರೆ ಮಕ್ಕಳ ಚುಚ್ಚುಮದ್ದು ಎಲ್ಲಿ ಹೋದರೂ ತಪ್ಪದು. ನಾಲ್ಕನೆಯದು ಎರಡು ಓಆರ್‌ಎಸ್ ಪೊಟ್ಟಣ. ಮತ್ತು ಟ್ರ್ಯಾಕ್ಟರಿನ ಹಿಂದಿನ ಟ್ರೇಲರಿನಲ್ಲಿ ಮೂವತ್ತು ಮಂದಿ ತುಂಬಿಕೊಂಡು ಹೋಗಬೇಡಿರಿ. ಒಂದು ತಿರುವಿನಲ್ಲಿ ಅದು ಮಗುಚಿದರೆ ಮೇಲೆ ಹೇಳಿದ ಯಾವ ಎಚ್ಚರವೂ ಕಾಯಲಾರದು.

8. ವಿಶ್ರಾಂತಿ

ಕಡೆಗೆ ಒಂದು ಮಾತು. ನಮ್ಮಲ್ಲಿ ಕೆಲವರು ದೇಹದ ಚಿಂತೆಯನ್ನು ಅಲ್ಪವಿಶ್ವಾಸವೆಂದು ತಿಳಿಯುತ್ತಾರೆ. ಪ್ರವಾದಿಯಾದ ಎಲೀಯನು ಅರಣ್ಯದಲ್ಲಿ ಸಾಕಾಗಿ ಮರದ ಕೆಳಗೆ ಬಿದ್ದಾಗ ಅವನಿಗೆ ಮೊದಲು ದೊರೆತದ್ದು ಉಪದೇಶವಲ್ಲ. ನಿದ್ರೆ, ಬಿಸಿ ರೊಟ್ಟಿ, ಒಂದು ತಂಬಿಗೆ ನೀರು, ಮತ್ತೆ ನಿದ್ರೆ. ನಾಲ್ವತ್ತು ದಿವಸದ ನಡಿಗೆಯು ಅದರ ತರುವಾಯ ಬಂತು. ದಣಿದವನನ್ನು ಮೊದಲು ಮಲಗಗೊಡಿಸಿ, ಉಣ್ಣಗೊಡಿಸಿ, ಆ ಮೇಲೆ ಮಾತಾಡಿಸುವದನ್ನು ನಾವೂ ಕಲಿಯೋಣ.

ಬಸ್ಸಿನ ಆ ಅಜ್ಜಿಯು ಕೂಸಿನ ವೈರಿಯಾಗಿರಲಿಲ್ಲ. ತನಗೆ ತಿಳಿದದ್ದನ್ನು ಪ್ರೀತಿಯಿಂದಲೇ ಮಾಡಿದಳು. ಒಳ್ಳೇದು ತಿಳಿದ ಕೂಡಲೆ ಚಮಚವನ್ನು ತಾನೇ ಹಿಡಿದಳು. ತಿಳಿದವರು ಸುಮ್ಮನಿರಬಾರದು, ಕೇಳಿದವರು ಹಟ ಹಿಡಿಯಬಾರದು. ಈ ತಿಂಗಳು ಪ್ರತಿ ಮನೆಯವರು ಎರಡು ಪೊಟ್ಟಣಗಳನ್ನು ತಂದು, ಹೊರಡುವಾಗ ಕಣ್ಣಿಗೆ ಬೀಳುವಂತೆ ಬಾಗಲ ಪಕ್ಕದ ಗೂಡಿನಲ್ಲಿ ಇಡಲಿ.

ಪಾಠದ ಪ್ರಶ್ನೆಗಳು

1. ಭೇದಿಯಾದ ಕೂಸಿಗೆ ನೀರು ಕೊಡಬಾರದೆಂಬ ಮಾತು ಯಾಕೆ ತಪ್ಪು?
2. ಥಾಮಸ್ ಮನ್ರೋ ಎಲ್ಲಿ, ಯಾವ ವರುಷ, ಯಾವ ರೋಗದಿಂದ ತೀರಿಕೊಂಡನು? ಆಗ ಯಾವ ತಿಳುವಳಿಕೆ ಇರಲಿಲ್ಲ?
3. ಒಂದು ಲೀಟರು ನೀರಿಗೆ ಎಷ್ಟು ಸಕ್ಕರೆ, ಎಷ್ಟು ಉಪ್ಪು? ಒಬ್ಬರು ಎಲ್ಲರ ಮುಂದೆ ಕದಡಿ ತೋರಿಸಲಿ.
4. ಯಾವ ಗುರುತುಗಳನ್ನು ಕಂಡರೆ ಪ್ರಯಾಣವನ್ನು ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು?
5. ಬಿಸಿಲಿಗೆ ಎಚ್ಚರ ತಪ್ಪಿದವನಿಗೆ ಏನು ಮಾಡಬೇಕು? ಏನು ಮಾಡಬಾರದು?
6. ನಮ್ಮ ಊರಿನಿಂದ ಬಳ್ಳಾರಿಗೆ ಹೋಗುವ ದಾರಿಯಲ್ಲಿ ಹೆಂಗಸರಿಗೆ ಶೌಚಾಲಯವು ಎಲ್ಲೆಲ್ಲಿ ಉಂಟು? ಗಂಡಸರು ಉತ್ತರ ಹೇಳಲಿ.